ಭರಣಿ ಮಳೆಯ ಏಳು ದಿನಗಳು



ಪುಣೆಯಲ್ಲಿ ಹುಟ್ಟಿ ಬೆಳೆದ ನಿಮಗೆ ಮಳೆ ಎಂದರೆ ಜೂನ್ ತಿಂಗಳು. ಶಾಲೆಯ ಹೊಸ ಪುಸ್ತಕ, ಹೊಸ ರೇನ್‌ಕೋಟು, ಸಿಂಹಗಡದ ಮಂಜು, ಬಿಸಿ ಕಾಂದಾಭಜಿ. ಅದಕ್ಕೂ ಮೊದಲು ಏಪ್ರಿಲ್-ಮೇ ತಿಂಗಳಲ್ಲಿ ಒಂದೆರಡು ಸಂಜೆ ಧೂಳೆಬ್ಬಿಸಿ, ಗುಡುಗಿ, ಮರದ ಟೊಂಗೆ ಮುರಿದು, ಅರ್ಧ ಗಂಟೆಯಲ್ಲಿ ಮಾಯವಾಗುವ ಮಳೆಯೊಂದಿದೆ. ನಿಮ್ಮ ಮರಾಠಿ ಗೆಳೆಯರು ಅದನ್ನು ‘ವಳವಾಚಾ ಪಾವುಸ್’ ಎನ್ನುತ್ತಾರೆ. ನಮ್ಮ ಉತ್ತರ ಕರ್ನಾಟಕದಲ್ಲಿ ಅದು ‘ಅಡ್ಡಮಳೆ’. ಮುಂಗಾರು ರಾಜಬೀದಿಯಲ್ಲಿ ಬರುವ ಮಳೆಯಾದರೆ ಇದು ಅಡ್ಡದಾರಿಯಲ್ಲಿ ನುಗ್ಗುವ ಮಳೆ. ಇಲ್ಲಿ ಅದು ಬಂದರೆ ಟ್ರಾಫಿಕ್ ನಿಲ್ಲುತ್ತದೆ, ಬಾಲ್ಕನಿಯ ಬಟ್ಟೆ ತೊಯ್ಯುತ್ತದೆ. ಊರಿನಲ್ಲಿ ಅದೇ ಮಳೆ ಏನೇನು ಮಾಡುತ್ತದೆ ಎಂಬುದನ್ನು ನಿಮಗೆ ಹೇಳಬೇಕೆಂದು ಬಹಳ ದಿನಗಳಿಂದ ಅಂದುಕೊಂಡಿದ್ದೆ.

ನನ್ನ ತವರು ಬ್ಯಾಡಗಿ. ಹೌದು, ನಿಮ್ಮ ಮನೆಯ ಸಾರಿಗೆ ಕೆಂಪು ಬಣ್ಣ ಕೊಡುವ ಮೆಣಸಿನಕಾಯಿಯ ಬ್ಯಾಡಗಿಯೇ. ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಹಾವೇರಿ ದಾಟಿದ ಮೇಲೆ ಮೋಟೆಬೆನ್ನೂರು ಸಿಗುತ್ತದೆ. ಅಲ್ಲಿಂದ ಒಳಕ್ಕೆ ತಿರುಗಿದರೆ ನಮ್ಮೂರು. ನಾನು ಹುಡುಗಿಯಾಗಿದ್ದಾಗ ಅದು ಧಾರವಾಡ ಜಿಲ್ಲೆಯಲ್ಲಿತ್ತು. 1997ರಲ್ಲಿ ಹಾವೇರಿ ಜಿಲ್ಲೆಯಾದ ಮೇಲೆ ಆ ಕಡೆಗೆ ಸೇರಿತು. ನಮ್ಮ ಮೆಣಸಿನಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ, ಸಿಪ್ಪೆಯ ತುಂಬ ಸುಕ್ಕು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿತು. ಸೋಮವಾರ ಮತ್ತು ಗುರುವಾರ ಮಾರುಕಟ್ಟೆ. ಆ ದಿನ ಇಡೀ ಊರೇ ಸೀನುತ್ತದೆ ಎಂದರೆ ಅತಿಶಯೋಕ್ತಿಯಲ್ಲ! ಅಣ್ಣನದು ಅಲ್ಲಿ ಚಿಕ್ಕದೊಂದು ದಲಾಲಿ ಅಂಗಡಿ. ರೈತರು ತಂದ ಚೀಲ ಇಳಿಸಿಕೊಂಡು, ಟೆಂಡರಿಗೆ ಇಟ್ಟು, ಮಾರಿಸಿಕೊಡುವುದು ಅವನ ಕೆಲಸ.

2020 ಮತ್ತು 2021ರ ಎರಡು ಬೇಸಿಗೆಯೂ ಕೊರೋನಾದಿಂದಾಗಿ ಊರಿಗೆ ಹೋಗಲಾಗಿರಲಿಲ್ಲ. 2022ರಲ್ಲಿ ಏಪ್ರಿಲ್ 27ರ ಬುಧವಾರ ಬೆಳಿಗ್ಗೆ ನಾನೂ ಮಗಳೂ ಮೋಟೆಬೆನ್ನೂರಿನಲ್ಲಿ ಬಸ್ಸಿನಿಂದ ಇಳಿದೆವು. ಮಗಳು ನಿಮ್ಮಂತೆಯೇ ಪುಣೆಯವಳು, ಕಂಪ್ಯೂಟರ್ ಕೆಲಸ. ಆಗ ಮನೆಯಿಂದಲೇ ಆಫೀಸಾದ್ದರಿಂದ ಲ್ಯಾಪ್‌ಟಾಪ್ ಹೊತ್ತುಕೊಂಡೇ ಬಂದಿದ್ದಳು.

ಅಂದಿನ ಸೆಕೆಯನ್ನು ಹೇಗೆ ವರ್ಣಿಸಲಿ! ಗಾಳಿ ಎಂಬುದು ಇರಲೇ ಇಲ್ಲ. ಎಮ್ಮೆ ಎದ್ದು ಕೂತು ಮಾಡುತ್ತಿತ್ತು. ಇರುವೆಗಳು ಮೊಟ್ಟೆ ಹೊತ್ತು ಗೋಡೆ ಏರುತ್ತಿದ್ದವು. ವೈನಿ ಮುಗಿಲು ನೋಡಿ, "ಇವತ್ತ ಭರಣಿ ಕೂಡೋ ದಿನ. ಸುಮ್ಮನ ಬಿಡೂದಿಲ್ಲ" ಎಂದಳು. ಸಂಜೆ ನಾಲ್ಕೂವರೆಗೆ ಪಶ್ಚಿಮದಲ್ಲಿ ಮಸಿ ಬಳಿದಂತೆ ಕಪ್ಪಾಯಿತು. ಕೆಂಪು ಧೂಳು ಎದ್ದು ಎದುರಿನ ಮನೆ ಕಾಣದಾಯಿತು. ಪತ್ರಾಸಿನ ತಗಡುಗಳು ಧಡಧಡ ಹೊಡೆದುಕೊಂಡವು. ಮಳೆ ಮಾತ್ರ ಬಂದದ್ದು ನಾಲ್ಕು ಹನಿ. ಆದರೆ ಪಕ್ಕದ ಹಿತ್ತಿಲಿನ ಎರಡು ಮಾವಿನ ಮರಗಳ ಕೆಳಗೆ ನೆಲವೇ ಕಾಣದಷ್ಟು ಕಾಯಿ ಉದುರಿದ್ದವು. ಮಗಳು ಸಂತೋಷದಿಂದ ಬುಟ್ಟಿ ಹಿಡಿದು ಓಡಿದಳು. ಆ ಮನೆಯ ಅಜ್ಜಿ ಮಾತ್ರ ಕಟ್ಟೆಯ ಮೇಲೆ ತಲೆಗೆ ಕೈಹೊತ್ತು ಕುಳಿತಿದ್ದರು. ಆ ಮರಗಳನ್ನು ಅವರು ಗುತ್ತಿಗೆಗೆ ಕೊಟ್ಟಿದ್ದರು. ಕಾಯಿ ಇಳಿಸಿದ ಮೇಲೆ ಬರಬೇಕಾದ ಉಳಿದ ಹಣ ಆ ಗಾಳಿಯಲ್ಲೇ ಹೋಗಿತ್ತು. ಬಿದ್ದು ಪೆಟ್ಟಾದ ಕಾಯಿ ಉಪ್ಪಿನಕಾಯಿಗೆ ಬರುವುದಿಲ್ಲ, ಬೇಗ ಕೆಡುತ್ತದೆ. ಆದರೂ ಅಜ್ಜಿಯೇ ಕರೆದು ಓಣಿಯ ಮನೆಮನೆಗೆ ಹಂಚಿದರು. ಅಂದು ರಾತ್ರಿ ನಮ್ಮ ಓಣಿಯಲ್ಲೆಲ್ಲ ಮಾವಿನಕಾಯಿ ಚಿತ್ರಾನ್ನ.

ಮರುದಿನ ಗುರುವಾರ, ಮಾರುಕಟ್ಟೆಯ ದಿನ. ಕುಂದಗೋಳದ ಕಡೆಯ ಎರೆಸೀಮೆಯಿಂದ ಎಪ್ಪತ್ತರ ಆಸುಪಾಸಿನ ಒಬ್ಬ ರೈತರು ಅಣ್ಣನ ಅಂಗಡಿಗೆ 18 ಚೀಲ ಮೆಣಸಿನಕಾಯಿ ತಂದಿದ್ದರು. ಫೆಬ್ರುವರಿಯಲ್ಲೇ ಕೊಯ್ದು ಒಣಗಿಸಿದ ಕಾಯಿ. ದರ ಏರಲಿ ಎಂದು ಎರಡು ತಿಂಗಳು ಮನೆಯಲ್ಲಿಟ್ಟಿದ್ದರು. ಮುಂದೆ ಹಬ್ಬ, ಸೊಸೈಟಿ ಸಾಲದ ಗಡುವು, ಮೊಮ್ಮಗಳ ಕಾಲೇಜಿನ ಫೀ. ಇನ್ನು ಇಟ್ಟುಕೊಂಡರಾಗದು ಎಂದು ಹೇರಿಕೊಂಡು ಬಂದಿದ್ದರು. ಅಂದು ಅವರು ಬಯಸಿದ ದರ ಬರಲಿಲ್ಲ. ಸೋಮವಾರ ನೋಡೋಣ ಎಂದು ಚೀಲಗಳನ್ನು ಅಂಗಡಿಯ ಮುಂದೆ ತಾಡಪತ್ರಿ ಮುಚ್ಚಿ ಇಟ್ಟರು.

ಮಧ್ಯಾಹ್ನ ಮೂರೂವರೆಗೆ ಶುರುವಾಯಿತು. ಮೊದಲು ಗಾಳಿ, ಆಮೇಲೆ ಆಣಿಕಲ್ಲು. ಪೇಟೆಯ ಕನ್ನಡದಲ್ಲಿ ಆಲಿಕಲ್ಲು ಎನ್ನುತ್ತೇವಲ್ಲ, ಅದೇ. ಗೋಲಿಯಷ್ಟು ದಪ್ಪದ ಕಲ್ಲು ಹಂಚಿನ ಮೇಲೆ ಬಿದ್ದ ಸಪ್ಪಳಕ್ಕೆ ಒಬ್ಬರ ಮಾತು ಒಬ್ಬರಿಗೆ ಕೇಳಲಿಲ್ಲ. ಮಗಳು ವಿಡಿಯೋ ತೆಗೆದದ್ದೇ ತೆಗೆದದ್ದು. ಅಷ್ಟರಲ್ಲಿ ಅಣ್ಣನ ಫೋನು ಬಂತು: "ತಾಡಪತ್ರಿ ಹಾರಿ ಹ್ವಾದುವು. ಮನ್ಯಾಗ ಇದ್ದ ಪ್ಲಾಸ್ಟಿಕ್ ಹಾಳಿ, ಚಾದರ ಎಲ್ಲಾ ತಗೊಂಡ ಬರ್ರಿ." ನಾವು ಹೋಗಿ ಮುಟ್ಟುವಷ್ಟರಲ್ಲಿ 18ರಲ್ಲಿ 11 ಚೀಲ ತೊಯ್ದು ತೊಪ್ಪೆಯಾಗಿದ್ದವು.

ಒಣ ಮೆಣಸಿನಕಾಯಿ ನೆನೆದರೆ ಏನಾಗುತ್ತದೆ ಗೊತ್ತೇ? ಚೀಲದೊಳಗೆ ಅದು ಬಿಸಿಯಾಗುತ್ತದೆ, ಬೂಷ್ಟು ಹಿಡಿಯುತ್ತದೆ, ಬಣ್ಣ ಬಿಳಿಚಿಕೊಳ್ಳುತ್ತದೆ. ಬ್ಯಾಡಗಿ ಕಾಯಿಯ ಬೆಲೆಯೆಲ್ಲ ಅದರ ಬಣ್ಣದಲ್ಲಿದೆ. ಬಣ್ಣ ಹೋದರೆ ಲೆಕ್ಕವೂ ಹೋಯಿತು. ಹರವಿ ಒಣಗಿಸಬೇಕು, ಅದೂ ತಡಮಾಡದೆ. ಆದರೆ ದಿನಾ ಮಧ್ಯಾಹ್ನವಾದರೆ ಮಳೆ!

ಇಲ್ಲಿ ಸ್ವಲ್ಪ ನಿಂತು, ಈ ಮಳೆ ಮಧ್ಯಾಹ್ನದ ಮೇಲೆಯೇ ಯಾಕೆ ಬರುತ್ತದೆ ಎಂದು ಹೇಳಿಬಿಡುತ್ತೇನೆ. ಮಗಳು ಅಂದು ಕೇಳಿದ ಪ್ರಶ್ನೆಯೂ ಅದೇ. ಬೇಸಿಗೆಯ ಬಿಸಿಲಿಗೆ ನೆಲ ಕಾದು ಅದರ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ. ಪಶ್ಚಿಮದ ಅರಬ್ಬೀ ಸಮುದ್ರದಿಂದ, ಪೂರ್ವದ ಬಂಗಾಳ ಕೊಲ್ಲಿಯಿಂದ ಬಂದ ತೇವದ ಗಾಳಿ ನಮ್ಮ ಒಳನಾಡಿನ ಮೇಲೆ ಸೇರಿದರೆ ಹತ್ತು-ಹನ್ನೆರಡು ಕಿಲೋಮೀಟರ್ ಎತ್ತರದ ಮೋಡ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತದೆ. ಅಷ್ಟು ಮೇಲೆ ಬೇಸಿಗೆಯಲ್ಲೂ ಹಿಮದ ಚಳಿ. ನೀರಿನ ಹನಿ ಅಲ್ಲಿ ಹೆಪ್ಪುಗಟ್ಟಿ, ಮೋಡದೊಳಗಿನ ಗಾಳಿಯಲ್ಲಿ ತೂಗಾಡುತ್ತ ಪದರ ಪದರವಾಗಿ ಬೆಳೆದು, ಭಾರ ತಾಳದಾದಾಗ ಕಲ್ಲಾಗಿ ಬೀಳುತ್ತದೆ. ಮಳೆಗೆ ಮುಂಚೆ ಬರುವ ಆ ತಣ್ಣನೆಯ ಬಿರುಗಾಳಿ ಮೋಡದೊಳಗಿಂದ ಧುಮುಕಿ ನೆಲಕ್ಕೆ ಬಡಿದು ಸುತ್ತಲೂ ಹರಡಿದ ಗಾಳಿ. ಮರ, ತಗಡು, ತಾಡಪತ್ರಿಗಳನ್ನು ಹಾರಿಸುವುದು ಅದೇ. ಧಾರವಾಡದಲ್ಲಿ ನಾನು ಇಂಗ್ಲಿಷ್ ಬಿ.ಎ. ಓದುವಾಗ, ಚಾಸರನ ‘ಕ್ಯಾಂಟರ್ಬರಿ ಟೇಲ್ಸ್’ ಏಪ್ರಿಲ್ ತಿಂಗಳ ಮಳೆಯಿಂದಲೇ ಶುರುವಾಗುತ್ತದೆ ಎಂದು ಸರ್ ಪಾಠ ಮಾಡಿದ್ದರು. ಇಂಗ್ಲೆಂಡಿನ ಏಪ್ರಿಲ್ ಮಳೆ ಮೆಲ್ಲಗೆ ಬಾಗಿಲು ತಟ್ಟುವ ಅತಿಥಿ. ನಮ್ಮ ಏಪ್ರಿಲ್ ಮಳೆ ಬಾಗಿಲು ಮುರಿದು ಒಳಗೆ ಬರುವ ಸೋದರಮಾವ!

ಶುಕ್ರವಾರ, ಶನಿವಾರ ಎರಡು ದಿನವೂ ಮೋಡದ ಜೊತೆ ನಮ್ಮ ಓಟ. ಬೆಳಿಗ್ಗೆ ಎಂಟಕ್ಕೆ ಬಿಸಿಲು ಬಿದ್ದೊಡನೆ ಕಾಯಿ ಹರವುವುದು, ಎರಡು ಗಂಟೆಗೆ ಗುಡುಗು ಕೇಳಿದೊಡನೆ ಬಳಿದು ಒಳಗೆ ಹಾಕುವುದು. ಅಣ್ಣನ ಮನೆಯ ಮಾಳಿಗೆ ಸಾಲಲಿಲ್ಲ. ಮಾವಿನ ಮರದ ಅಜ್ಜಿ ತಮ್ಮ ಮಾಳಿಗೆ ಬಿಟ್ಟುಕೊಟ್ಟರು. ಹಿಂದಿನ ಓಣಿಯ ಮುಸ್ಲಿಂ ಮನೆಯವರು ರಂಜಾನ್ ಉಪವಾಸದಲ್ಲಿದ್ದವರೇ ಬಂದು ಚೀಲ ಹೊತ್ತರು. ಅಂಗಡಿಯಲ್ಲಿ ಕಾಯಿಯ ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ತಮ್ಮ ಕೂಲಿ ಕೆಲಸ ಮುಗಿಸಿ ಬಂದು ಕಾಯಿ ತಿರುವಿ ಹಾಕಿದರು. ಕರೆಂಟು ಇರಲಿಲ್ಲವಾದ್ದರಿಂದ ಮಗಳ ಲ್ಯಾಪ್‌ಟಾಪು ಸತ್ತಿತ್ತು. ಆಫೀಸಿಗೆ ರಜೆ ಹೇಳಿ ಅವಳೂ ಮಾಳಿಗೆ ಹತ್ತಿದಳು. ಒಂದೇ ಗಂಟೆಯಲ್ಲಿ ಅಂಗೈ ಬೆಂಕಿ. ಅರಿಯದೆ ಕಣ್ಣು ಮುಟ್ಟಿಕೊಂಡು ಕುಣಿದಾಡಿದಾಗ ತೊಟ್ಟು ಬಿಡಿಸುವ ಹೆಣ್ಣುಮಗಳೊಬ್ಬಳು ಅವಳ ಕಣ್ಣಿಗೆ ತಣ್ಣೀರು ಹೊಡೆದು, ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ, "ಖಾರ ಕಡಿಮಿ ಅಂತ ಪ್ಯಾಟಿಯಾಗ ಹೇಳ್ತಾರವ್ವಾ. ಕೈಗೆ ಯಾರು ಹೇಳಬೇಕು?" ಎಂದು ನಕ್ಕಳು. ಆಕೆ ಇಪ್ಪತ್ತು ವರ್ಷದಿಂದ ಅದೇ ಕೆಲಸ ಮಾಡುತ್ತಿದ್ದಾಳೆ.

ಶನಿವಾರ ಸಂಜೆಯ ಸಿಡಿಲು ಮರೆಯಲಾಗದ್ದು. ಪಕ್ಕದ ಹಳ್ಳಿಯಲ್ಲಿ ಹುಣಸೆ ಮರದ ಕೆಳಗೆ ಕಟ್ಟಿದ್ದ ಎತ್ತೊಂದು ಸತ್ತಿತು. ಜೊತೆಗಿದ್ದ ಹುಡುಗ ಹಗ್ಗ ಬಿಚ್ಚಲು ಹೊರಟಿದ್ದವನು ಅವರಪ್ಪ ಕೂಗಿದ್ದಕ್ಕೆ ನಿಂತ; ಹಾಗಾಗಿ ಉಳಿದ. ನೀವು ಬೇಸಿಗೆಯ ರಜೆಯಲ್ಲಿ ಊರಿಗೆ ಹೋಗುವವರು. ಆದ್ದರಿಂದ ಇದನ್ನು ತಾಯಿಯ ಮಾತೆಂದು ನೆನಪಿಡಿ. ಮಿಂಚು ಕಂಡ ಮೇಲೆ ಗುಡುಗು ಕೇಳುವವರೆಗೆ ಸೆಕೆಂಡು ಎಣಿಸಿ. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್. ಹತ್ತು ಎಣಿಸುವುದರೊಳಗೆ ಗುಡುಗಿದರೆ ಸಿಡಿಲು ಮೂರು ಕಿಲೋಮೀಟರಿನೊಳಗೆ ಇದೆ ಎಂದರ್ಥ. ಗುಡುಗು ಕೇಳಿಸಿತೆಂದರೆ ಎಣಿಕೆ ಎಷ್ಟೇ ಬರಲಿ, ಒಂಟಿ ಮರದ ಕೆಳಗೆ, ಬಯಲಿನಲ್ಲಿ, ಕೆರೆಯ ನೀರಿನಲ್ಲಿ ಇರಬಾರದು. ಕೊನೆಯ ಗುಡುಗಿನ ನಂತರವೂ ಅರ್ಧ ಗಂಟೆ ಒಳಗೇ ಇರಬೇಕು. ಸಿಡಿಲಿನ ಮುನ್ಸೂಚನೆ ಕೊಡುವ ‘ದಾಮಿನಿ’ ಎಂಬ ಮೊಬೈಲ್ ಆ್ಯಪ್ ರೂಪುಗೊಂಡದ್ದು ನಮ್ಮ ಪುಣೆಯ ಪಾಷಾಣದಲ್ಲಿರುವ ಉಷ್ಣವಲಯ ಹವಾಮಾನ ಸಂಸ್ಥೆಯಲ್ಲಿಯೇ. ಶಿವಾಜಿನಗರದಲ್ಲಿ ಬಸ್ಸಿನಿಂದ ನೀವು ನೋಡುವ ‘ಸಿಮ್ಲಾ ಆಫೀಸ್’ ಕೂಡ ಹವಾಮಾನ ಇಲಾಖೆಯದೇ; 1928ರಲ್ಲಿ ಕಚೇರಿ ಸಿಮ್ಲಾದಿಂದ ಪುಣೆಗೆ ಬಂದದ್ದರಿಂದ ಆ ಹೆಸರು. ಊರಿನ ಮುಗಿಲಿಗೂ ನೀವಿರುವ ಊರಿಗೂ ಹೀಗೊಂದು ನಂಟಿದೆ.

ಭಾನುವಾರವೂ ಕರೆಂಟು ಬರಲಿಲ್ಲ. ಟಿವಿ ಇಲ್ಲ, ಫ್ಯಾನು ಇಲ್ಲ. ಓಣಿಯವರೆಲ್ಲ ಕಟ್ಟೆಗೆ ಬಂದು ಕುಳಿತರು. ಮೆಣಸಿನಕಾಯಿಯ ಆ ಹಿರಿಯರು ಗುರುವಾರದಿಂದ ಅಂಗಡಿಯಲ್ಲೇ ಮಲಗಿ, ನಮ್ಮ ಮನೆಯಲ್ಲಿ ಊಟ ಮಾಡುತ್ತಿದ್ದರು. ಅವರಿಗೆ ಮಳೆಯ ಲೆಕ್ಕವೆಲ್ಲ ಬಾಯಿಪಾಠ. ಸೂರ್ಯ ಒಂದೊಂದು ನಕ್ಷತ್ರದಲ್ಲಿ ಹದಿಮೂರು-ಹದಿನಾಲ್ಕು ದಿನ ಇರುತ್ತಾನೆ. ಆ ದಿನಗಳ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ ನಡುವಿನಿಂದ ಅಶ್ವಿನಿ, ತಿಂಗಳ ಕೊನೆಗೆ ಭರಣಿ, ಮೇ ಎರಡನೆಯ ವಾರದಿಂದ ಕೃತ್ತಿಕಾ, ಕೊನೆಯ ವಾರದಿಂದ ರೋಹಿಣಿ, ಜೂನ್ ಮೊದಲ ವಾರ ಕಳೆದ ಮೇಲೆ ಮೃಗಶಿರಾ. "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂಬ ಗಾದೆಯನ್ನೂ, "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎಂಬುದನ್ನೂ ಮಗಳಿಗೆ ಅವರೇ ಹೇಳಿಕೊಟ್ಟರು.

ಆಗ ಅವರ ಜೇಬಿನ ಫೋನು ಬಾರಿಸಿತು. ಊರಿನಿಂದ ಹೆಂಡತಿ. ನಾಲ್ಕು ದಿನದಿಂದ ಮನೆ ಬಿಟ್ಟಿದ್ದ ಮನುಷ್ಯ ಕೇಳಿದ ಮೊದಲ ಮಾತು, "ಮಳಿ ಆತೇನು?" ಎಂಬುದು. ಆ ಕಡೆಯಿಂದ ಬಂದ ಉತ್ತರ ನಮಗೆ ಕೇಳಿಸಲಿಲ್ಲ. ಅವರ ಮುಖ ಮಾತ್ರ ಲಾಟೀನಿನ ಬೆಳಕಿನಲ್ಲಿ ಅರಳಿದ್ದು ಕಾಣಿಸಿತು. "ಹೊಲದಾಗ ನೀರು ನಿಂತಾವ? ಒಡ್ಡು ಒಡದಿಲ್ಲಲ್ಲ? ಛಲೋ ಆತು, ಛಲೋ ಆತು. ಕುಂಟಿ ತಯಾರ ಇಡಾಕ ಹೇಳು" ಎಂದರು.

ನನಗೆ ತಡೆಯಲಾಗಲಿಲ್ಲ. "ಅಲ್ರೀ ಕಾಕಾ, ಇದ ಮಳಿ ನಿಮ್ಮ ಹನ್ನೊಂದ ಚೀಲ ತೋಯಿಸಿ ಹಾಕೇತಿ. ಊರಾಗ ಮಳಿ ಆತಂದ್ರ ಇಷ್ಟ ಖುಷಿ ಪಡ್ತೀರಲ್ಲ?" ಎಂದೆ.

"ಇದು ಹ್ವಾದ ವರ್ಷದ್ದು, ಯವ್ವಾ. ಅದು ಬರೂ ವರ್ಷದ್ದು. ಎರಡನ್ನೂ ಒಂದ ತಕ್ಕಡ್ಯಾಗ ಹಾಕಬಾರದು" ಎಂದರು ಅವರು.

ಎರೆಮಣ್ಣು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ಕೈ ಹೋಗುವಷ್ಟು ಬಿರುಕು ಬಿಟ್ಟಿರುತ್ತದೆ. ಭರಣಿ ಮಳೆ ಬಿದ್ದರೆ ಅದು ಮೆತ್ತಗಾಗಿ, ಹೊಲ ಹರಗಲು ಬರುತ್ತದೆ. ಹರಗಿದ ಹೊಲಕ್ಕೆ ರೋಹಿಣಿಯಲ್ಲೋ ಮೃಗಶಿರಾದಲ್ಲೋ ಹದವಾದ ಮಳೆಯಾದರೆ ಹೆಸರು ಬಿತ್ತಬಹುದು. ಹೆಸರು ಬೇಗ ಬಂದರೆ ಕೈಯಲ್ಲಿ ನಾಲ್ಕು ಕಾಸು ಆಡುತ್ತದೆ. ಇವೆಲ್ಲವೂ "ಮಳಿ ಆತೇನು?" ಎಂಬ ಎರಡೇ ಮಾತಿನಲ್ಲಿ ಇದ್ದವು. ನಿಮ್ಮ ತಂದೆ-ತಾಯಿ ಊರಿಗೆ ಫೋನ್ ಮಾಡಿದಾಗಲೆಲ್ಲ ಕ್ಷೇಮ ಕೇಳುವ ಮೊದಲೇ ಮಳೆಯ ಸುದ್ದಿ ಕೇಳುವುದನ್ನು ನೀವು ಗಮನಿಸಿರುತ್ತೀರಿ, ನಕ್ಕಿಯೂ ಇರುತ್ತೀರಿ. ಅದು ಹವಾಮಾನದ ವಿಚಾರಣೆ ಅಲ್ಲ. ಸಾಲ ತೀರುವ ಹಾಗಿದೆಯೇ, ಬಾವಿಯಲ್ಲಿ ನೀರು ಇದೆಯೇ, ದನಕ್ಕೆ ಮೇವು ಸಿಗುತ್ತದೆಯೇ, ಹುಡುಗಿಯ ಮದುವೆ ಈ ವರ್ಷ ಮಾಡಬಹುದೇ ಎಂದು ನೇರವಾಗಿ ಕೇಳಿದರೆ ಎದುರಿನವರಿಗೆ ನೋವಾದೀತು. ಮಳೆಯನ್ನು ಕೇಳಿದರೆ ಅವರೇ ಎಲ್ಲವನ್ನೂ ಹೇಳುತ್ತಾರೆ. ಕ್ಷೇಮ ಕೇಳುವ ನಮ್ಮ ಮರ್ಯಾದೆಯ ರೀತಿಯೇ ಅದು.

ಸೋಮವಾರ, ಮೇ 2, ಮತ್ತೆ ಮಾರುಕಟ್ಟೆ. ಒಣಗಿಯೇ ಉಳಿದಿದ್ದ 7 ಚೀಲಕ್ಕೆ ಗುರುವಾರಕ್ಕಿಂತ ಒಳ್ಳೆಯ ದರ ಬಂತು. ತೊಯ್ದ 11ರಲ್ಲಿ 6 ಚೀಲ ಕಾಯಿ ಬಣ್ಣ ಉಳಿಸಿಕೊಂಡಿದ್ದವು. ಸ್ವಲ್ಪ ಕಡಿಮೆಗೆ ಹೋದವು. ಉಳಿದ 5 ಬಣ್ಣಗೆಟ್ಟ ಕಾಯಿಯೆಂದು ಸಿಕ್ಕಷ್ಟಕ್ಕೆ ಮಾರಿದವು. ಸೊಸೈಟಿಯ ಸಾಲ ಪೂರ್ತಿ ತೀರುವಂತಿರಲಿಲ್ಲ. ಅಣ್ಣ ತನ್ನ ದಲಾಲಿ ಬಿಟ್ಟುಕೊಟ್ಟ. ಹಿರಿಯರು ಹಣ ಎಣಿಸಿ, ಮೊಮ್ಮಗಳ ಫೀ ಎಂದು ಒಂದಿಷ್ಟನ್ನು ಬೇರೆ ಮಾಡಿ ಅಂಗಿಯ ಒಳಜೇಬಿನಲ್ಲಿಟ್ಟುಕೊಂಡರು. ಹೊರಡುವಾಗ ಮಗಳ ಕೈಗೆ ಒಂದು ಹಿಡಿ ಒಳ್ಳೆಯ ಕಾಯಿ ಕೊಟ್ಟು, "ನೀನ ಒಣಗಿಸಿದ್ದು ಇದು. ಪುಣೆದಾಗ ಸಾರು ಮಾಡು" ಎಂದರು. ಅವಳಿಗೆ ಮಾತು ಹೊರಡಲಿಲ್ಲ.

ಮಂಗಳವಾರ ಮೇ 3. ಆ ವರ್ಷ ಬಸವ ಜಯಂತಿ, ಅಕ್ಷಯ ತದಿಗೆ ಮತ್ತು ರಂಜಾನ್ ಹಬ್ಬ ಒಂದೇ ದಿನ ಬಂದಿದ್ದವು. ಮುಗಿಲು ತೊಳೆದಿಟ್ಟಂತೆ ನೀಲಿ. ಹಿಂದಿನ ರಾತ್ರಿಯೇ ಕರೆಂಟು ಬಂದಿತ್ತು. ಕೊಂಬಿಗೆ ಬಣ್ಣ ಬಳಿದ ಎತ್ತುಗಳ ಮೆರವಣಿಗೆ ಹೋಯಿತು. ನಮ್ಮ ಮನೆಯಿಂದ ಹೋಳಿಗೆ ಹಿಂದಿನ ಓಣಿಗೆ, ಅಲ್ಲಿಂದ ಸುರಕುಂಬಾ ನಮ್ಮ ಮನೆಗೆ. ಊರ ಹೊರಗಿನ ಹೊಲಗಳಲ್ಲಿ ಹರಗುವ ಟ್ರ್ಯಾಕ್ಟರುಗಳ ಸದ್ದು. ಮಾವಿನ ಮರದ ಅಜ್ಜಿಯ ಹಿತ್ತಿಲಲ್ಲಿ ಮಾತ್ರ ಕಾಯಿಯಿಲ್ಲದ ಟೊಂಗೆಗಳು ಬರಿದಾಗಿ ನಿಂತಿದ್ದವು. ಒಂದೇ ವಾರದ ಮಳೆ ಒಬ್ಬರ ಕೈಯಿಂದ ಕಿತ್ತುಕೊಂಡು ಇನ್ನೊಬ್ಬರ ಕೈಗೆ ಕೊಟ್ಟಿತ್ತು. ಕೆಲವರಿಗೆ ಎರಡನ್ನೂ ಮಾಡಿತ್ತು. ಸಣ್ಣ ಊರಿನಲ್ಲಿ ಯಾರ ಪಾಲಿಗೆ ಏನು ಬಂತು ಎಂಬುದು ಎಲ್ಲರಿಗೂ ಗೊತ್ತಿರುತ್ತದೆ. ಆದ್ದರಿಂದಲೇ ಪೆಟ್ಟು ತಿಂದವರ ಮಾಳಿಗೆಗೆ ಬೇರೆಯವರು ಹತ್ತುತ್ತಾರೆ.

ತರುಣ ಮಿತ್ರರೇ, ನಿಮಗೆ ನನ್ನ ಕೋರಿಕೆ ದೊಡ್ಡದೇನಲ್ಲ. ಊರಿನಲ್ಲಿ ನಿಮಗೊಬ್ಬ ಅಜ್ಜ, ಕಾಕಾ, ಸೋದರತ್ತೆ, ಯಾರಾದರೂ ಇದ್ದೇ ಇರುತ್ತಾರೆ. ನಿಮ್ಮ ಕನ್ನಡ ಅರ್ಧಂಬರ್ಧ ಎಂಬ ಸಂಕೋಚದಿಂದ ಅವರಿಗೆ ಫೋನ್ ಮಾಡುವುದನ್ನು ನಿಲ್ಲಿಸಬೇಡಿ. ಏನು ಮಾತಾಡುವುದು ಎಂದು ತಿಳಿಯದಿದ್ದರೆ ಈ ಮಳೆ ಯಾವ ನಕ್ಷತ್ರದ್ದು, ಬಿತ್ತನೆ ಆಯಿತೇ, ಬಾವಿಗೆ ನೀರು ಬಂತೇ ಎಂದು ಕೇಳಿ. ಅಷ್ಟು ಕನ್ನಡ ನಿಮಗೆ ಖಂಡಿತ ಬರುತ್ತದೆ. ಉಳಿದ ಮಾತನ್ನು ಅವರು ಆಡುತ್ತಾರೆ, ನೀವು ಕೇಳಿಸಿಕೊಂಡರೆ ಸಾಕು. ನಾವು ಹಿರಿಯರು ಎಷ್ಟು ವರ್ಷ ಈ ಫೋನುಗಳನ್ನು ಮಾಡುತ್ತಿರುತ್ತೇವೆ? ನಮ್ಮ ನಂತರವೂ ಆ ಕಡೆ ಫೋನು ಬಾರಿಸಬೇಕಾದರೆ ಅದು ನಿಮ್ಮ ಕೈಯಿಂದಲೇ ಆಗಬೇಕು. ಮುಂದಿನ ಏಪ್ರಿಲ್ 27ರ ಹೊತ್ತಿಗೆ ಮತ್ತೆ ಭರಣಿ ಕೂಡುತ್ತದೆ. ಅಂದು ಸಂಜೆ ಒಂದು ಫೋನ್ ಮಾಡಿ ನೋಡಿ.